ಕೊನೆಯ ಬೀದಿಯ ನಾಯಿ

ಗಡಿಗಾಗಿ ಕಚ್ಚಾಡಿ ಕಚ್ಚಾಡಿ ಸಾಕಾದ ಬೀದಿನಾಯಿಗಳು ಒಂದು ಒಕ್ಕೂಟ ಕಟ್ಟಿಕೊಂಡವು. ಅಂದಿನಿಂದ ಯಾರು ಯಾವ ಬೀದಿಯಲ್ಲಾದರೂ ಓಡಾಡಬಹುದು, ಯಾವ ತಿಪ್ಪೆಯನ್ನಾದರೂ ಕೆದಕಬಹುದು. ಕಟ್ಟಳೆ ಒಂದೇ: ಎಲ್ಲರೂ ಒಪ್ಪದೆ ಯಾರೂ ಬೊಗಳುವಂತಿಲ್ಲ.

ಒಂದು ಸಂಜೆ, ಗುಡ್ಡಕ್ಕೆ ಅಂಟಿಕೊಂಡ ಕೊನೆಯ ಬೀದಿಯ ನಾಯಿ ಕೆಂಚ ಸಭೆಗೆ ಓಡಿಬಂತು.

“ಯಜಮಾನರೇ, ಚಿರತೆಯ ವಾಸನೆ ಬರುತ್ತಿದೆ. ಎಲ್ಲರೂ ಸೇರಿ ಬೊಗಳಿದರೆ ಜನ ದೊಣ್ಣೆ ಹಿಡಿದು ಬರುತ್ತಾರೆ.”

ಪೇಟೆ ಬೀದಿಯ ಮುದಿನಾಯಿ ಒಕ್ಕೂಟದ ಯಜಮಾನ. ಅದು ಸುತ್ತ ನೋಡಿತು. ಕೆಂಚನ ಬೀದಿಯ ಪಕ್ಕದ ಬೇಕರಿ ಬೀದಿಯ ನಾಯಿ ಮಾತ್ರ ತಲೆಯಾಡಿಸಲಿಲ್ಲ.

“ಗಲಾಟೆ ಮಾಡಿದರೆ ಬೇಕರಿಯವನು ನನಗೆ ಬನ್ನು ಹಾಕುವುದಿಲ್ಲ. ನನ್ನ ಒಪ್ಪಿಗೆ ಇಲ್ಲ.”

“ಹಾಗಾದರೆ ನನ್ನ ಬೀದಿಯಲ್ಲಿ ನಾನೊಬ್ಬನೇ ಬೊಗಳಿಕೊಳ್ಳುತ್ತೇನೆ” ಎಂದಿತು ಕೆಂಚ.

“ಧಾರಾಳವಾಗಿ ಬೊಗಳು. ಆಮೇಲೆ ಈ ಕಡೆ ಕಾಲಿಡಬೇಡ” ಎಂದಿತು ಯಜಮಾನ. “ನಿನ್ನ ಬೀದಿಯಲ್ಲಿ ತಿನ್ನಲು ಕಲ್ಲು ಬಿಟ್ಟರೆ ಏನಿದೆ?”

ಕೆಂಚ ಬಾಲ ಮುದುರಿಕೊಂಡು, ಬಾಯಿ ಮುಚ್ಚಿಕೊಂಡು ಹಿಂತಿರುಗಿತು.

ಬೆಳಗಾದಾಗ ಕೊನೆಯ ಬೀದಿಯ ಮಣ್ಣಿನಲ್ಲಿ ರಕ್ತದ ಕಲೆಯಷ್ಟೇ ಉಳಿದಿತ್ತು. ಸಭೆ ಮತ್ತೆ ಸೇರಿತು. ಎಲ್ಲರೂ ಕೆಂಚನಿಗಾಗಿ ತಲೆ ತಗ್ಗಿಸಿ ಮೌನವಾಗಿ ಕೂತರು. ಆಮೇಲೆ ಬೇಕರಿ ಬೀದಿಯ ನಾಯಿ ಎದ್ದು ನಿಂತಿತು.

“ಯಜಮಾನರೇ, ಇವತ್ತು ಬೊಗಳಲೇಬೇಕು. ಇನ್ನು ಮೇಲೆ ನನ್ನ ಬೀದಿಯೇ ಕೊನೆಯ ಬೀದಿ.”

ಅದರ ಬೀದಿಯ ಪಕ್ಕದ ಮಾಂಸದಂಗಡಿ ಬೀದಿಯ ನಾಯಿ ಕಡಿಯುತ್ತಿದ್ದ ಮೂಳೆಯಿಂದ ತಲೆಯೆತ್ತದೆ ಹೇಳಿತು: “ನನ್ನ ಒಪ್ಪಿಗೆ ಇಲ್ಲ.”