ಸೀಸೆಯ ಹೊಟ್ಟೆ

ಗದಿಗೆಯ್ಯಜ್ಜನವರ ಮಠದಲ್ಲಿ ಎಣ್ಣೆಗೆ ಬರವಿರಲಿಲ್ಲ, ಸೀಸೆಗೆ ಬರವಿತ್ತು.

ಕೀಲುನೋವಿಗೆಂದು ಅಜ್ಜನವರು ಕಾಸುವ ಎಣ್ಣೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಿಂಗಳಿಗೇ ಕೆಡುತ್ತಿತ್ತು. ಆ ವರ್ಷ ಹೊಳೆಯ ದಂಡೆ ಕುಸಿದು, ಯಾವ ಕಾಲದವೋ ಏನೋ, ದಪ್ಪ ಗಾಜಿನ ಹಳೆಯ ಸೀಸೆಗಳು ಹೊರಬಿದ್ದವು. ಮಣ್ಣಿನಲ್ಲಿ ಹೂತು ಹೂತು ಅವಕ್ಕೆ ಒಳಗೂ ಹೊರಗೂ ಬಿಳಿ ಮಬ್ಬು ಕೂತಿತ್ತು.

ತಿಕ್ಕುವ ಕೆಲಸ ಅಡಿವೆಪ್ಪನದು. ಮಠಕ್ಕೆ ಬಂದು ಹನ್ನೆರಡು ವರ್ಷವಾದ ಶಿಷ್ಯ. ಹುಣಸೆಹುಳಿ ಹಾಕಿದ, ಬೂದಿ ಹಾಕಿದ, ತೆಂಗಿನ ನಾರಿನಿಂದ ತಿಕ್ಕಿದ. ಅಂಗೈ ಸುಲಿಯಿತು, ಮಬ್ಬು ಹೋಗಲಿಲ್ಲ.

ಆಗ ಮಡಿವಾಳ ಒಂದು ಯಂತ್ರ ಕಟ್ಟಿದ.

ಈ ಮಡಿವಾಳ ಸೈಕಲ್ ರಿಪೇರಿಯವನು. ದೀಪಾವಳಿ ಹೊತ್ತಿಗೆ ಮೊಣಕಾಲಿಗೆ ಎಣ್ಣೆ ಕೇಳಿಕೊಂಡು ಬಂದವನು ಯುಗಾದಿ ಕಳೆದರೂ ಎದ್ದು ಹೋಗಿರಲಿಲ್ಲ. ಸೈಕಲ್ ರಿಮ್ಮಿಗೆ ತಗಡಿನ ರೆಕ್ಕೆ ಕಟ್ಟಿ ಕಾಲುವೆಯ ನೀರಿಗೆ ಬಿಟ್ಟ. ಅದರಿಂದ ಒಂದು ಪಟ್ಟಿ ಎಳೆದು, ಎರಡು ಮರದ ಉರುಳೆ ತಿರುಗುವಂತೆ ಮಾಡಿದ. ಉರುಳೆಗಳ ಮೇಲೆ ಬೋರ್‌ವೆಲ್ ಪೈಪಿನ ತುಂಡು. ಅದರೊಳಗೆ ಸೀಸೆ. ಸೀಸೆಯ ಒಳಗೂ ಸುತ್ತಲೂ ತಾಮ್ರದ ತಂತಿಯ ಚೂರು, ಇಟ್ಟಂಗಿ ಪುಡಿ, ನೀರು. ಕಾಲುವೆ ಹರಿದಷ್ಟು ಹೊತ್ತೂ ಪೈಪು ಹೊರಳುತ್ತಿತ್ತು.

ನಾಲ್ಕನೇ ದಿನ ಸೀಸೆ ತೆಗೆದು ಎತ್ತಿ ಹಿಡಿದ. ಆಚೆ ದಂಡೆಯ ಎಮ್ಮೆ ಅದರೊಳಗಿಂದ ಕಾಣಿಸಿತು.

ಅಜ್ಜನವರು ಬಾಯಿ ತುಂಬ ನಕ್ಕರು. "ಭಲೇ ಮಡಿವಾಳ! ಹೆಸರಿಗೆ ತಕ್ಕಂಗ ತೊಳದಿ."

ಅಡಿವೆಪ್ಪ ಕೈಯಲ್ಲಿದ್ದ ನಾರನ್ನು ಕೆಳಗೆ ಹಾಕಿದ. ಅಜ್ಜನವರಿಗೆ ಕೈ ನಡುಗಲು ಶುರುವಾಗಿತ್ತು. ಎಣ್ಣೆ ಕಾಸುವ ವಿದ್ಯೆಯನ್ನು ಬರುವ ಹುಣ್ಣಿಮೆಗೆ ಒಬ್ಬನಿಗೆ ಹೇಳಿಕೊಡುತ್ತೇನೆ ಎಂದಿದ್ದರು. ಆ ಒಬ್ಬ ತಾನೇ ಎಂದು ಅಡಿವೆಪ್ಪ ನಂಬಿದ್ದ. ಈಗ ನಿನ್ನೆ ಮೊನ್ನೆ ಬಂದವನಿಗೆ ಭಲೇ ಅಂತೆ! ಅಡಿವೆಪ್ಪನ ಹೊಟ್ಟೆ ಉರಿಯಿತು.

ತಾನೂ ಒಂದು ಯಂತ್ರ ಕಟ್ಟಿದ. ಯಾರನ್ನೂ ಕೇಳದೆ, ಬೇವಿನ ಮರದ ಮರೆಯಿಂದ ಕದ್ದು ನೋಡಿಯೇ ಕಟ್ಟಿದ. ಚಕ್ರ ಮಾತ್ರ ಮಡಿವಾಳನದಕ್ಕಿಂತ ಒಂದು ಗೇಣು ದೊಡ್ಡದು.

ಸೀಸೆ ಹಾಕುವ ದಿನ ಮಡಿವಾಳ ಬಂದು ನಿಂತ.

"ಅಣ್ಣಾ, ಒಳಗ ಎಷ್ಟು ಚೂರು ಹಾಕಬೇಕಂತ ಹೇಳಲೇನು?"

"ಪಂಕ್ಚರ್ ತಿದ್ದಾಂವ ನೀ. ನಿನ್ನ ಕಡೆಯಿಂದ ಕಲೀಬೇಕೇನು ನಾ?"

ಮಡಿವಾಳ ತನ್ನ ಯಂತ್ರದ ಕಡೆಗೆ ಹೋದ.

ಅವನು ಒಂದು ಹಿಡಿ ಹಾಕಿದರೆ ನಾನು ನಾಲ್ಕು ಹಿಡಿ ಹಾಕುತ್ತೇನೆ ಎಂದುಕೊಂಡು, ಅಡಿವೆಪ್ಪ ಸೀಸೆಯ ಕೊರಳವರೆಗೂ ಚೂರು ತುರುಕಿ ಬೆಂಡು ಜಡಿದ.

ಹುಣ್ಣಿಮೆಯ ಬೆಳಿಗ್ಗೆ ಸೀಸೆಯನ್ನು ತಂದು ಅಜ್ಜನವರ ಮುಂದೆ ಇಟ್ಟ. ಹೊರಮೈ ಹೊಸದರಂತೆ ಹೊಳೆಯುತ್ತಿತ್ತು. ಅಜ್ಜನವರು ಬೆಂಡು ಕಿತ್ತು ಬೋರಲು ಹಾಕಿದರು. ಒಂದು ಚೂರೂ ಬೀಳಲಿಲ್ಲ. ಕಡ್ಡಿಯಿಂದ ಕೆದರಿ ಕೆದರಿ ತೆಗೆಯಬೇಕಾಯಿತು.

ಆಮೇಲೆ ಬಿಸಿಲಿಗೆ ಹಿಡಿದು ನೋಡಿದರು.

"ಮೈ ಥಳಥಳ ಅನ್ನಾಕತ್ತೈತಿ. ಹೊಟ್ಟಿ ಯಾಕೋ ಹಂಗ ಉಳದೈತಿ?"

ಒಳಗಿನ ಮಬ್ಬು ಇದ್ದ ಹಾಗೆಯೇ ಇತ್ತು. ಅಡಿವೆಪ್ಪನ ಮುಖ ಕಪ್ಪಿಟ್ಟಿತು.

"ಮಡಿವಾಳನ ಕಣ್ಣು ಬಿದ್ದೈತ್ರಿ ಅಜ್ಜಾರ. ಅಂವಗ ಹೊಟ್ಟಿಕಿಚ್ಚು."

"ಇಷ್ಟು ತುರುಕಿದರ ಚೂರು ಹೊರಳೂದೆಲ್ಲಿ? ಎಷ್ಟು ಹಾಕಬೇಕಂತ ಅಂವನ್ನ ಕೇಳಿದೇನು?"

"ಅಂವನ್ನ ನಾ ಕೇಳೂದೇನ್ರಿ?"

ಅಜ್ಜನವರು ಸೀಸೆಯನ್ನು ಕೆಳಗಿಟ್ಟರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಎಣ್ಣಿ ಯಾರಿಗೆ ಕಲಿಸ್ತೀರಿ? ಅದೊಂದು ಹೇಳಿಬಿಡ್ರಿ. ಹನ್ನೆರಡು ವರ್ಷ ನಿಮ್ಮ ಕಟ್ಟಿಗಿ ಒಡದೀನಿ, ಒಲಿ ಊದೀನಿ."

"ನೋವು ಅಂತ ಮಂದಿ ಬಂದು ಕುಂತರ, ನಾ ಮೊದಲ ಏನ ಮಾಡ್ತೀನಿ?"

"ಎಲ್ಲಿ ನೋವು ಅಂತ ಕೇಳ್ತೀರಿ."

"ಹೌದಲ್ಲ. ಎಣ್ಣಿ ಆಮ್ಯಾಲೆ."

ಅಜ್ಜನವರು ಅವನ ಸುಲಿದ ಅಂಗೈಯನ್ನು ತಮ್ಮ ನಡುಗುವ ಕೈಯಲ್ಲಿ ಹಿಡಿದುಕೊಂಡರು. ಬಂದವರನ್ನು ಕೇಳುವ ದನಿಯಲ್ಲೇ ಕೇಳಿದರು.

"ಎಲ್ಲಿ ನೋವು, ತಮ್ಮಾ?"

"ಅಂಗೈಯಾಗ್ರಿ."

ಅಜ್ಜನವರು ಕೈ ಬಿಡಲಿಲ್ಲ. ಕಾಲುವೆಯ ಕಡೆಯಿಂದ ಮಡಿವಾಳನ ಪೈಪು ಹೊರಳುವ ಸದ್ದು ಬರುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ಅಡಿವೆಪ್ಪನ ಕಣ್ಣು ತುಂಬಿತು.

"ಹೊಟ್ಟ್ಯಾಗ್ರಿ, ಅಜ್ಜಾರ."

ಅಜ್ಜನವರು ಸೀಸೆಯನ್ನು ಅವನ ಕೈಗಿಟ್ಟರು.

"ಅದಕ್ಕ ನನ್ನ ಹತ್ರ ಎಣ್ಣಿ ಇಲ್ಲೋ. ಹೋಗು, ಎಷ್ಟು ಖಾಲಿ ಬಿಡಬೇಕಂತ ಮಡಿವಾಳನ್ನ ಕೇಳಿ ಬಾ."