ಸಾಹೇಬರ ಚಿಕ್ಕ ರುಜು

ಪಂಕಜಾಕ್ಷಿಯ ಹೊಟ್ಟೆ ತಣ್ಣಗಿರಲಿ. ನಮ್ಮ ತಾಲ್ಲೂಕು ಕಚೇರಿಯ ಗುತ್ತಿಗೆ ಟೆಕ್ನಿಷಿಯನ್ ಅವಳು.

ಬೆಳೆ ವಿಮೆಗೆ ಅವತ್ತೇ ಕೊನೇ ದಿನ. ನೆಟ್‌ವರ್ಕ್ ಇಲ್ಲದೆ ಪಹಣಿ ಕೊಡುವುದು ನಿಂತು, ಕ್ಯೂ ಗೇಟು ದಾಟಿತ್ತು. ನಾನು ತಹಶೀಲ್ದಾರರ ಬಾಗಿಲಲ್ಲೇ ನಿಂತಿದ್ದೆ. ಪಂಕಜಾಕ್ಷಿ ನೆಟ್‌ವರ್ಕ್ ಸ್ವಿಚ್‌ಗೆ ಐಪಿವಿ6 ಎಂಬ ಹೊಸ ಬಗೆಯ ಕಂಪ್ಯೂಟರ್ ವಿಳಾಸಗಳ ಕಂತೆ ಕೂರಿಸಿ, ಚಾಲೂ ಮಾಡಲು ಅಪ್ಪಣೆ ಕೇಳಿದಳು.

ಮರುಳಾರಾಧ್ಯ ಸಾಹೇಬರು ಕನ್ನಡಕ ಏರಿಸಿದರು. “ಕಚೇರಿಗೆ ಬಂದ ಅಷ್ಟೂ ವಿಳಾಸ ರಿಜಿಸ್ಟರಿಗೆ ಏರಬೇಕು. ಒಂದೊಂದಕ್ಕೂ ನನ್ನ ಚಿಕ್ಕ ರುಜು ಬೀಳಬೇಕು. ಅಲ್ಲಿವರೆಗೆ ಚಾಲೂ ಇಲ್ಲ!”

“ಆಗಲಿ ಸರ್,” ಎಂದವಳೇ ಪ್ರಿಂಟರಿಗೆ ಕಾಗದ ತುಂಬಿದಳು. ಹಾಳೆ ಬರುತ್ತಲೇ ಇತ್ತು. ಸಾಹೇಬರು ರುಜು ಹಾಕುತ್ತಲೇ ಇದ್ದರು. ಹತ್ತನೇ ಹಾಳೆಗೆ ಬೆರಳು ಸೆಟೆದುಕೊಂಡಿತು.

“ಇನ್ನೂ ಎಷ್ಟಿದೆಯಮ್ಮಾ?”

“ನಿಮಿಷಕ್ಕೆ ಲಕ್ಷ ರುಜು ಹಾಕಿದರೆ ಮೂವತ್ತೈದು ಕೋಟಿ ವರ್ಷ ಸರ್. ತಮ್ಮ ರಿಟೈರ್‌ಮೆಂಟ್ ಯಾವಾಗ?”

“ಮಾರ್ಚಿಗೆ...” ದನಿ ಇಳಿದಿತ್ತು. “ಬೇರೆ ದಾರಿ ಇಲ್ವಾ?”

“ಗೋಮಾಳ ಬರೆಯುವಾಗ ಹುಲ್ಲುಕಡ್ಡಿ ಎಣಿಸ್ತೀವಾ ಸರ್? ಸುತ್ತಲ ಗಡಿ, ಚಕ್ಕುಬಂದಿ ಬರೀತೀವಿ. ಇದಕ್ಕೂ ಮೊದಲ ವಿಳಾಸ, ಕೊನೇ ವಿಳಾಸ ಬರೆದರೆ ಸಾಕು. ಒಂದೇ ರುಜು.”

ಸಾಹೇಬರು ಎರಡೂ ಕೈಯಿಂದ ಪೆನ್ನು ಹಿಡಿದು ಆ ಒಂದು ರುಜು ಹಾಕಿದರು. ಹತ್ತೇ ನಿಮಿಷಕ್ಕೆ ನನ್ನ ಪಹಣಿ ಕೈಗೆ ಬಂತು. ಕ್ಯೂನವರೆಲ್ಲ ಪಂಕಜಾಕ್ಷಿಗೆ ಕೈ ಮುಗಿದೆವು.

ಮಾರ್ಚಿನ ಬೀಳ್ಕೊಡುಗೆಯಲ್ಲಿ ಸಾಹೇಬರು ತಮಗೆ ಹೊದಿಸಿದ ಶಾಲು ತೆಗೆದು ಅವಳಿಗೇ ಹೊದಿಸಿದರು.

“ಮೂವತ್ತೈದು ಕೋಟಿ ವರ್ಷ ದುಡಿಯಬೇಕಿದ್ದವನನ್ನು ಮಾರ್ಚಿಗೇ ಮನೆಗೆ ಕಳಿಸಿದ ತಾಯಿ ಇವಳು!”