ಕಂಚಿನ ತೋಳ ಮತ್ತು ಕೆಂಚಿ

ಕೆಂಚಿ ಎಂಬ ನಾಯಿಗೆ ಮೂರು ಮರಿಗಳು. ಹಲ್ಲು ಬಂದು ಊರೆಲ್ಲ ಓಡಾಡುವಷ್ಟು ಬೆಳೆದಿದ್ದರೂ ಅವು ತಾಯಿಯ ಮೊಲೆ ಬಿಡುತ್ತಿರಲಿಲ್ಲ. ಕೆಂಚಿಯ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಒಂದು ಮಧ್ಯಾಹ್ನ ಅದು ಹಾಳು ಕೋಟೆಯ ದಿಬ್ಬದಲ್ಲಿ ತಂಪಿಗೆಂದು ಮಣ್ಣು ಕೆರೆದಾಗ, ರೋಮ್ ದೇಶದ ಹಳೆಯ ಕಂಚಿನ ನಾಣ್ಯವೊಂದು ಮೇಲೆ ಬಂತು. ನಾಣ್ಯದಲ್ಲಿ ಒಂದು ಹೆಣ್ಣುತೋಳ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಮನುಷ್ಯರ ಎರಡು ಕೂಸುಗಳು ಹಾಲು ಕುಡಿಯುತ್ತಿದ್ದವು.

"ಅಕ್ಕಾ, ಈ ಮಕ್ಕಳಿಗೆ ವಯಸ್ಸೆಷ್ಟು?" ಎಂದು ಕೆಂಚಿ ಕೇಳಿತು.

"ಸಾವಿರ ವರ್ಷ ದಾಟಿ ಎಷ್ಟೋ ಕಾಲವಾಯಿತು," ಎಂದಿತು ತೋಳ. "ದೊಡ್ಡವರಾಗಿ ರೋಮ್ ಪಟ್ಟಣ ಕಟ್ಟುತ್ತೇವೆ ಅಂದರು. ಇನ್ನೂ ಮೊಲೆಯನ್ನೇ ಬಿಟ್ಟಿಲ್ಲ."

"ಒದ್ದು ಓಡಿಸಬಾರದೇ?"

"ಈ ನಾಣ್ಯದ ಅಚ್ಚು ಕೊರೆದವನು ನನಗೆ ಕಾಲೆತ್ತುವ ಶಕ್ತಿ ಕೊಡಲಿಲ್ಲ. ನೋಡಿದವರೆಲ್ಲ ಎಂಥ ತಾಯಿ ಎಂದು ಹೊಗಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನಿನ್ನ ಕಾಲು ಆಡುತ್ತದಲ್ಲ, ನಿನಗೇನು ಬಂದಿದೆ?"

ಅಷ್ಟರಲ್ಲಿ ಮರಿಗಳು ಓಡಿಬಂದು ಮೊಲೆಗೆ ಬಾಯಿ ಹಾಕಿದವು. ಕೆಂಚಿ ಎದ್ದು ನಿಂತಿತು. ಅವು ಜೋತುಬಿದ್ದವು. ಕೆಂಚಿ ಹಲ್ಲು ತೋರಿಸಿ ಗುರುಗುಟ್ಟಿತು. ಕತ್ತಲಾಗುವವರೆಗೂ ಮರಿಗಳು ಅತ್ತವು. ಆದರೂ ಕೆಂಚಿ ಮಲಗಿ ಮೊಲೆ ಕೊಡಲಿಲ್ಲ.

ಮರುದಿನ ದೊಡ್ಡ ಮರಿ ಹೊಲದಿಂದ ಇಲಿಯೊಂದನ್ನು ಕಚ್ಚಿ ತಂದಿತು. ಕೆಂಚಿ ಮೂಸಲು ಹೋದಾಗ ಮರಿ ಇಲಿಯ ಮೇಲೆ ಕಾಲಿಟ್ಟು, "ಇದು ನನ್ನದು" ಎಂದು ತಾಯಿಗೇ ಗದರಿತು. ಕೆಂಚಿ ದೂರ ಹೋಗಿ, ಕಾಲು ಚಾಚಿ, ಹೊಟ್ಟೆ ಮೇಲೆ ಮಾಡಿ ಮಲಗಿ ನಿದ್ದೆ ಹೋಯಿತು.